ದೀಪಕ್ಕೆ ಕಟ್ಟಿದ ಫ್ಯಾನು

ಕುಂದಾಪುರದ ಬಾಡಿಗೆ ಮನೆಯಲ್ಲಿ ಮೊದಲ ಸಲ ಬಚ್ಚಲಿನ ದೀಪ ಹಾಕಿದಾಗ, ಹೆದ್ದಾರಿಯ ಲಾರಿಯೊಂದು ದಾರಿ ತಪ್ಪಿ ನಮ್ಮ ಗೋಡೆಗೇ ನುಗ್ಗಿತು ಅಂದುಕೊಂಡೆ. ಕೈಯಲ್ಲಿದ್ದ ತಂಬಿಗೆ ಅಲ್ಲೇ ಬಿಟ್ಟು ಹೊರಗೆ ಓಡಿಬಂದೆ. ಮಗಳು ಸವಿತಾ ನನಗಿಂತ ಮೊದಲೇ ಮೆಟ್ಟಿಲು ತಲುಪಿದ್ದಳು. ಕೆಳಗಿನ ಮನೆಯ ಗಿರಿಜಕ್ಕ ಅಂಗಳದಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

“ಹ್ವಾಯ್, ಹೆದ್ರ್‌ಬೇಡಿ! ಅದ್ ಫ್ಯಾನ್ ಮಾರಾಯ್ರೆ. ನಮ್ಮ್ ತಮ್ಮ ಬೊಂಬಾಯಿಂದ ಕಳ್ಸಿದ್ದ್.”

ನಾನು ರೋಣದ ಕಡೆಯವಳು. ಗಂಡ ತೀರಿಕೊಂಡ ಮೇಲೆ, ಎಂದೋ ಕಲಿತಿಟ್ಟಿದ್ದ ಲ್ಯಾಬಿನ ಕೆಲಸವೇ ಕೈ ಹಿಡಿಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ನೌಕರಿ ಸಿಕ್ಕಿತು, ಊರು ಮಾತ್ರ ಸರ್ಕಾರದ ಇಷ್ಟ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು, ಸವಿತಾ ಎಂಟನೆಯ ತರಗತಿ. ಗದಗಿನಲ್ಲಿರುವ ನನ್ನ ಅಕ್ಕ ಬಸ್ಸಿಗೆ ಹತ್ತಿಸುವಾಗ, ಸಮುದ್ರದ ದಂಡೆಗೆ ಹೋಗುವವರನ್ನು ಕಂಡು ಹೊಟ್ಟೆಕಿಚ್ಚು ಪಡುವವಳಂತೆ ಮಾತಾಡಿದ್ದಳು. ಸಮುದ್ರ ಸಿಕ್ಕಿತು. ಮನೆ ಸಿಗಲಿಲ್ಲ.

ಇಲ್ಲಿ ಘಟ್ಟದ ಮೇಲಿನಿಂದ ಇಳಿದು ಬಂದವರೆಲ್ಲ ‘ಘಟ್ಟದವ್ರು’. ಅದು ಬೈಗುಳವಲ್ಲ, ಹಾಗಂತ ಮುದ್ದಿನ ಮಾತೂ ಅಲ್ಲ. ಮನೆ ಕೇಳಲು ಹೋದಲ್ಲೆಲ್ಲ “ಗಂಡಸ್ರ್ ಯಾರಿಲ್ಯಾ?” ಎಂಬ ಪ್ರಶ್ನೆ ಮೊದಲು, ಕುಡಿಯಲು ನೀರು ಆಮೇಲೆ. ಬೆಲ್ಲದ ತುಂಡು, ತಣ್ಣನೆಯ ನೀರು ಕೊಟ್ಟು, ಅಷ್ಟೇ ತಣ್ಣಗೆ ಇಲ್ಲವೆನ್ನುತ್ತಿದ್ದರು. ಏನನ್ನೂ ಕೇಳದೆ ಬೀಗದ ಕೈ ಕೊಟ್ಟವರು ಗಿರಿಜಕ್ಕ ಒಬ್ಬರೇ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವಾಗ ಅವರ ಮೇಲೆ ನಿಮಗೆ ಸಿಟ್ಟು ಬರಬಾರದು.

ಮನೆ ಅವರ ತಮ್ಮನದು. ಶೆಟ್ರು ಮುಂಬೈಯಲ್ಲಿ ಹೋಟೆಲಿನಿಂದ ಹೋಟೆಲಿಗೆ ಬೆಳೆದವರು. ಮೊದಲ ಹೋಟೆಲನ್ನು ಒಡೆದು ಹೊಸದಾಗಿ ಕಟ್ಟುವಾಗ ಅಡುಗೆಮನೆಯ ಹೊಗೆ ಎಳೆಯುವ ಫ್ಯಾನನ್ನು ಗುಜರಿಗೆ ಹಾಕಲು ಅವರಿಗೆ ಮನಸ್ಸು ಬರಲಿಲ್ಲವಂತೆ. ಅದು ಗೋಡೆ ಏರಿದ ಮೇಲೆಯೇ ಲಕ್ಷ್ಮಿ ಒಳಗೆ ಬಂದದ್ದು ಎಂದು ನಂಬಿಕೆ. ಹಾಗಾಗಿ ಅದು ಊರಿಗೆ ಬಂತು, ಬಾಡಿಗೆಗೆಂದು ಕಟ್ಟಿಸಿದ ಮಹಡಿಯ ಕಿಟಕಿಯಿಲ್ಲದ ಬಚ್ಚಲು ಸೇರಿತು. ಇಪ್ಪತ್ತು ಕಾವಲಿಗಳ ದೋಸೆಯ ಹೊಗೆ ಎಳೆಯಲು ಹುಟ್ಟಿದ್ದು, ಇಬ್ಬರು ನಿಲ್ಲಲಾಗದ ಜಾಗದಲ್ಲಿ ನಮ್ಮ ಬಿಸಿನೀರಿನ ಆವಿ ಎಳೆಯುತ್ತಿತ್ತು. ಮಳೆಗಾಲದಲ್ಲಿ ಅದರಿಂದ ಹಳೆಯ ಎಣ್ಣೆಯ ಕಮಟು ಇಳಿಯುತ್ತಿತ್ತು. ಮಿಂದು ಬಂದರೂ ಬೋಂಡಾ ಕರಿದು ಬಂದ ಹಾಗಿರುತ್ತಿತ್ತು.

ಅದಕ್ಕೆ ಬೇರೆ ಸ್ವಿಚ್ಚಿರಲಿಲ್ಲ. ಹೋಟೆಲಿನ ಹುಡುಗರು ಫ್ಯಾನ್ ಹಾಕಲು ಮರೆಯುತ್ತಾರೆಂದು ಅದನ್ನು ದೀಪಕ್ಕೇ ಕಟ್ಟಿಬಿಡುವುದು ಶೆಟ್ರ ಪದ್ಧತಿ. ಇಲ್ಲೂ ಹಾಗೇ ಮಾಡಿಸಿದ್ದರು. ದೀಪ ಬೇಕೆಂದರೆ ಫ್ಯಾನ್ ತಿರುಗಬೇಕು, ಫ್ಯಾನ್ ತಿರುಗಿದರೆ ಓಣಿ ಕಿವಿ ನಿಮಿರಿಸಬೇಕು.

ನಮ್ಮೂರಿನ ಬಚ್ಚಲಿಗೆ ಸೂರೇ ಇರಲಿಲ್ಲ. ನಾಲ್ಕು ಬದಿ ಚಪ್ಪಡಿ, ಬಾಗಿಲಿಗೆ ಗೋಣಿತಟ್ಟು, ಮೇಲೆ ಆಕಾಶ. ಅಲ್ಲಿ ನಾಚಿಕೆಯಿದ್ದದ್ದು ನೀರಿನ ಸದ್ದಿಗೆ. ಎರಡು ತಂಬಿಗೆ ಹೆಚ್ಚು ಸುರಿದುಕೊಂಡರೆ ನನ್ನ ಅತ್ತೆ ಒಲೆಯ ಮುಂದಿನಿಂದಲೇ ಕೆಮ್ಮುತ್ತಿದ್ದರು. ಇಲ್ಲಿ ಬಾವಿ ತುಂಬಿ ತುಳುಕುತ್ತದೆ, ಎಷ್ಟು ಸುರಿದರೂ ಯಾರೂ ಕೇಳುವುದಿಲ್ಲ. ಆದರೆ ಒಳಗೆ ಹೋದದ್ದು, ಹೊರಗೆ ಬಂದದ್ದು, ನಡುವೆ ಎಷ್ಟು ಹೊತ್ತಾಯಿತು ಎನ್ನುವುದು ಊರಿಗೇ ಡಂಗುರ. ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸು ಗೇಟಿನ ಹೊರಗಿನಿಂದಲೇ ಕೂಗುತ್ತಿದ್ದಳು: “ಎಂತ ಲ್ಯಾಬಿನಮ್ಮ, ಇವತ್ತ್ ಮಿಂದದ್ದ್ ತಡ ಆಯ್ತಾ?” ಇಲ್ಲಿ ಸ್ನಾನಕ್ಕೆ ಮೀಯುವುದು ಎನ್ನುತ್ತಾರೆ. ಹಳೆಗನ್ನಡ ಪಾಠದಲ್ಲಿ ಕಂಡಿದ್ದ ಶಬ್ದವನ್ನು ಮೀನಿನವಳ ಬಾಯಲ್ಲಿ, ಅದೂ ನನ್ನದೇ ಮೈಗೆ ಸಂಬಂಧಿಸಿದಂತೆ ಕೇಳಿ ನಾನೂ ನಕ್ಕೆ. ಊರಿಗೆ ಬಂದವಳು ನೀರಿಗೆ ಬಾರಳೇ ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡೆ.

ಸಣ್ಣಪುಟ್ಟ ಗೆಲುವುಗಳೂ ಇದ್ದವು. ಕೆಂಪಗಿನ ದಪ್ಪ ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯಲು ಕಲಿಯಿತು. ಮೀನು ಕೊಳ್ಳದವಳೆಂದು ಮೂತಿ ತಿರುಗಿಸುತ್ತಿದ್ದ ಅದೇ ಹೆಂಗಸು ಬುಟ್ಟಿ ಇಳಿಸಿ ನಮ್ಮ ಜಗಲಿಯಲ್ಲಿ ಎಲೆ ಅಡಿಕೆ ಹಾಕತೊಡಗಿದಳು. ಊರಿನಿಂದ ತಂದ ಜೋಳದ ಹಿಟ್ಟು ಆಷಾಢದಲ್ಲಿ ಹುಳ ಹಿಡಿದಾಗ, ಗಿರಿಜಕ್ಕ ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು ಕಳಿಸಿದರು. ಸವಿತಾಳಂತೂ ನನಗಿಂತ ಬೇಗ ಇಲ್ಲಿಯವಳಾದಳು. ಶಾಲೆಯ ಗೆಳತಿಯರ ಜೊತೆ “ಎಂತದೆ”, “ಹೋಯ್ಕ್” ಎನ್ನುತ್ತ ಮನೆಗೆ ಬರುತ್ತಿದ್ದಳು.

ಮರುವರ್ಷ ಅವಳು ದೊಡ್ಡವಳಾದಳು. ಅಂಗಳದ ಮೂಲೆಯಲ್ಲಿ ಗಿರಿಜಕ್ಕನ ಮನೆತನದ ನಾಗನ ಕಲ್ಲಿತ್ತು. ನಮ್ಮ ಮೆಟ್ಟಿಲಿಳಿದು ಗೇಟಿಗೆ ಹೋಗುವ ದಾರಿ ಅದರ ಮುಂದೆಯೇ. ಗಿರಿಜಕ್ಕ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು: “ನಾಗ ಇತ್ತ್ ಕಾಣಿ. ಹೊರ್ಗ್ ಆದ್ ದಿನ ಹೆಣ್ ಈ ಬದಿ ಬಪ್ಪುಕಾಗ. ಹಿಂದಿನ್ ತೋಟದ ದಾರಿಯಂಗ್ ಹೋಗ್ಲಿ.” ಹೊರಗಾಗುವುದು ಎಂದರೆ ಮುಟ್ಟಾಗುವುದು. ನಮ್ಮ ಕಡೆಯೂ ಇಂಥ ಕಟ್ಟುಗಳಿಗೆ ಬರವಿಲ್ಲ, ನನಗೆ ಆಶ್ಚರ್ಯವೇನೂ ಆಗಲಿಲ್ಲ. ಆದರೆ ಅಲ್ಲಿ ಹುಡುಗಿ ತಾಯಿಯ ಕಿವಿಯಲ್ಲಿ ಹೇಳುತ್ತಾಳೆ. ಇಲ್ಲಿ ಹೇಳುವ ಕೆಲಸವನ್ನು ಫ್ಯಾನ್ ವಹಿಸಿಕೊಂಡಿತು.

ಒಂದು ಭಾನುವಾರದ ಬೆಳಿಗ್ಗೆ ಗಿರಿಜಕ್ಕನ ಜಗಲಿಯಲ್ಲಿ ಓಣಿಯ ಹೆಂಗಸರು ಅಬ್ಬಲಿಗೆ ಹೂ ಕಟ್ಟುತ್ತ ಕೂತಿದ್ದರು. ಸವಿತಾ ಗೆಳತಿಯ ಮನೆಗೆಂದು ಮೆಟ್ಟಿಲಿಳಿದಳು. ಹಿಂದಿನ ದಿನ ಯಾರದೋ ಮದುವೆಯ ಊಟ ಅವಳ ಹೊಟ್ಟೆ ಕೆಡಿಸಿತ್ತು.

“ಹೆಣ್ಣೆ, ನಿಲ್ಲ್!” ಗಿರಿಜಕ್ಕ ಕೂಗಿದರು. “ನಿನ್ನೆಯಿಂದ ಫ್ಯಾನ್ ಸುಮಾರ್ ಸಲ ಕೇಂಡಿತ್. ಹೊರ್ಗ್ ಆಯ್ತಾ? ಹಾಂಗಾರೆ ಹಿಂದಿನ್ ಬದಿಯಂಗ್ ಹೋಗ್ ಮಗಾ.”

“ಇಲ್ಲ ಆಂಟಿ.”

“ನಾಚ್ಕೆ ಎಂತಕೆ? ನಾವೆಲ್ಲ ಹೆಂಗಸ್ರೇ ಅಲ್ದಾ?”

“ಇಲ್ರೀ! ಹೊಟ್ಟಿ ಕೆಟ್ಟೈತಿ!” ಎಂದು ಸವಿತಾ ಕಿರುಚಿದಳು. ಗಾಬರಿಯಲ್ಲಿ ಬಾಯಿಗೆ ಬಂದದ್ದು ರೋಣದ ಮಾತು. ಹೆಂಗಸರು ಬಿದ್ದು ಬಿದ್ದು ನಕ್ಕರು. ಅದರಲ್ಲಿ ವಿಷವಿರಲಿಲ್ಲ. ಗೇಟಿನಲ್ಲಿ ಬಾಡಿಗೆಗೆ ಕಾಯುತ್ತಿದ್ದ ರಿಕ್ಷಾದವನೂ ನಕ್ಕ. ನನ್ನ ಮಗಳು ಮುಂದಿನ ದಾರಿಯಲ್ಲೂ ಹೋಗಲಿಲ್ಲ, ಹಿಂದಿನ ದಾರಿಯಲ್ಲೂ ಹೋಗಲಿಲ್ಲ. ಮೇಲೆ ಬಂದು ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಆಮೇಲೆ ನಾನು ಮನೆಯಲ್ಲಿದ್ದಾಗ ಫ್ಯಾನ್ ಸದ್ದು ಮಾಡುವುದೇ ಅರ್ಧಕ್ಕರ್ಧ ಕಡಿಮೆಯಾಯಿತು. ನಾನು ಅದನ್ನು ಯೋಚಿಸಲೇ ಇಲ್ಲ. ಅವಳಿಗೆ ಚಳಿಜ್ವರ ಬಂದು ಸೊಂಟ ಹಿಡಿದುಕೊಂಡಾಗ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಮೂತ್ರ ಪರೀಕ್ಷೆ ಬರೆದರು. ಅದನ್ನು ಮಾಡಬೇಕಾದವಳು ನಾನೇ. ದಿನಾ ಊರವರ ಮೂತ್ರ ನೋಡಿ ನೋಡಿ ಕಣ್ಣು ಮರಗಟ್ಟಿದವಳು ನಾನು. ಅವತ್ತು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ ತುಂಬಾ ಕೀವಿನ ಕಣಗಳು, ನಡುವೆ ಜಾಗವೇ ಇರಲಿಲ್ಲ. ಎದ್ದು ಹೊರಗೆ ಬೆಂಚಿನ ಮೇಲೆ ಕೂತಿದ್ದ ಸವಿತಾಳ ಬಳಿ ಹೋದೆ.

“ನೀರು ಕುಡಿಯಂಗಿಲ್ಲೇನು?” ಎಂದು ಕೇಳಿದೆ.

“ಕುಡದ್ರ ಹೋಗ್ಬೇಕಾಗ್ತದವ್ವಾ.”

“ಹೋದ್ರ ಏನಾತು?”

“ದೀಪ ಹಾಕ್ಬೇಕಾಗ್ತದ. ಹಾಕಲಿಲ್ಲಂದ್ರ ಸಪ್ಪಳಿಲ್ಲ, ಆದ್ರ ಕತ್ತಲಾಗ ಹುಳಾ ಹರದಾಡ್ತಾವು.” ಆಮೇಲೆ ಅವಳೇ ಹೇಳಿದಳು: “ನಾ ಈ ಮನ್ಯಾಗ ಇರಂಗಿಲ್ಲ. ಫ್ಯಾನ್ ತಗಸು, ಇಲ್ಲಾ ದೊಡ್ಡವ್ವನ ಕಡೆ ಕಳಸು.”

ಒಂಬತ್ತನೆಯ ತರಗತಿಯ ಪರೀಕ್ಷೆ ಮುಗಿಯುವವರೆಗೆ ತಾಳು ಎಂದು ಬೇಡಿಕೊಂಡೆ. ಗಂಡ ಹೋದ ಮೇಲೆ ನನಗೆ ಉಳಿದದ್ದು ಅವಳೊಬ್ಬಳು. ಒಂದು ಹಾಳು ಫ್ಯಾನಿಗೆ ಸೋತು ಅವಳನ್ನೂ ಕಳೆದುಕೊಳ್ಳುವೆನೇ ಎಂದು ಸಿಟ್ಟೂ ಬಂತು.

ಮುಂಬೈಗೆ ಫೋನ್ ಮಾಡಿದೆ. ಶೆಟ್ರು ಒಳ್ಳೆಯ ಮಾತಿನವರು, ಅದೇ ತೊಂದರೆ. “ಅರೇ ಮೇಡಂ, ಅದ್ ಚಾಲೂ ಇರ್ಕ್. ಕಿಟ್ಕಿ ಇಲ್ಲ, ಗೋಡೆ ಖರಾಬ್ ಆತ್ತ್. ಇಂಥಾ ಫ್ಯಾನ್ ಬೊಂಬಾಯಂಗೂ ಬಾತ್‌ರೂಮಿಗ್ ಯಾರ್ ಹಾಕ್ತ್ರ್ ಹೇಳಿ?” ಯಾರೂ ಹಾಕುವುದಿಲ್ಲ, ಅದನ್ನೇ ನಾನು ಹೇಳುತ್ತಿರುವುದು ಎಂದೆ. ಅವರು ಜೋರಾಗಿ ನಕ್ಕರು. ಬೇರೆ ಚಿಕ್ಕ ಫ್ಯಾನನ್ನು ನನ್ನದೇ ಖರ್ಚಿನಲ್ಲಿ ಹಾಕಿಸುತ್ತೇನೆ ಎಂದಾಗ ನಗು ನಿಂತಿತು. “ಅದ್ ಗೋಡೆಯಿಂದ ಇಳೂಕಾಗ ಮೇಡಂ. ಅದೊಂದ್ ಬಿಟ್ಟ್ ಎಂತ ಬೇಕಾರೂ ಕೇಣಿ.” ಕೊನೆಗೆ ದೀಪಕ್ಕೂ ಫ್ಯಾನಿಗೂ ಬೇರೆ ಬೇರೆ ಸ್ವಿಚ್ಚು ಮಾಡಿಸಲು ಒಪ್ಪಿದರು. ಆ ಸಂಜೆ ನಾನು ಹೋಳಿಗೆ ಮಾಡಿದೆ. ಸವಿತಾ ಎರಡು ತಿಂದಳು, ಮೇಲೆ ತುಂಬ ನೀರು ಕುಡಿದಳು.

ವಾಯರಿಂಗಿನವನು ಬಂದು ಹೋದ ದಿನ ನಾನು ಡ್ಯೂಟಿಯಲ್ಲಿದ್ದೆ. ಮನೆಗೆ ಬಂದು ಬಚ್ಚಲಿನ ದೀಪ ಹಾಕಿದೆ. ಸದ್ದಿಲ್ಲ! ಸವಿತಾಳನ್ನು ಕರೆದು ಮತ್ತೆ ಹಾಕಿ ತೋರಿಸಿದೆ. ಅವಳು ಟವೆಲ್ ತೆಗೆದುಕೊಂಡು ಒಳಗೆ ಹೋದಳು, ತಿಂಗಳುಗಳ ಮೇಲೆ ಬೆಳಕಿನಲ್ಲಿ ಮೀಯಲು. ಮೊದಲ ತಂಬಿಗೆಯ ನೀರು ಬಿದ್ದದ್ದೇ ತಡ, ಗೋಡೆ ಗುಡುಗತೊಡಗಿತು.

ಕೆಳಗೆ ಓಡಿದೆ. ಹೊಸ ಸ್ವಿಚ್ಚು ಗಿರಿಜಕ್ಕನ ಜಗಲಿಯ ಕಂಬದಲ್ಲಿತ್ತು. ಬಾಡಿಗೆಯವರು ಹಾಕಲು ಮರೆತರೆ ಗೋಡೆ ಕೆಡುತ್ತದೆಂದು ಶೆಟ್ರು ಅಲ್ಲೇ ಹಾಕಿಸಿದ್ದರು. ಗಿರಿಜಕ್ಕ ಅದರ ಪಕ್ಕದಲ್ಲೇ ಹೂ ಕಟ್ಟುತ್ತ ಕೂತಿದ್ದರು.

“ನೀರ್ ಬಿದ್ದದ್ ಕೇಂಡಿತ್, ಹಾಕ್ದೆ. ಇನ್ನ್ ನಿಮ್ಗ್ ಆ ತಲೆಬಿಸಿಯೇ ಇಲ್ಲ.”

ಆ ಸದ್ದಿಗೆ ನನ್ನ ಹುಡುಗಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು, ಕಾಯಿಲೆ ಬಿದ್ದಳು ಎಂದೆ. ಅವರ ಮುಖ ಕುಗ್ಗಿತು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

“ಅಯ್ಯೋ, ನಾ ಕೆಟ್ಟದಕ್ ಕೇಂಬುದಲ್ಲ ಮಾರಾಯ್ತಿ. ಗಂಡಸ್ರಿಲ್ಲದ್ ಮನೆ, ಇಬ್ರೇ ಹೆಂಗಸ್ರ್. ಬೆಳಿಗ್ಗೆ ಫ್ಯಾನ್ ಕೇಂಡ್ರೆ, ಎದ್ರ್ ಇವ್ರ್, ಎಂತ ಆಯ್ಲಿಲ್ಲ ಅಂತ ನಂಗ್ ಒಂದ್ ಸಮಾಧಾನ. ಕೇಣದಿದ್ರೆ ಜೀವ ಹೊಡ್ಕಂತ್ತ್.”

ಬೈಯುವವರ ಜೊತೆ ಜಗಳವಾಡಬಹುದು. ಕಾಯುವವರ ಜೊತೆ ಏನು ಮಾಡುವುದು? ಇನ್ನು ಹಾಕಬೇಡಿ ಎಂದೆ, ಆಯ್ತು ಎಂದರು. ಎರಡು ದಿನ ತಡೆದರು. ಮೂರನೆಯ ದಿನ ಮಳೆ ಹಿಡಿಯಿತು, ಗೋಡೆಯ ನೆನಪಾಯಿತು, ತಮ್ಮನ ಮಾತು ನೆನಪಾಯಿತು, ಕೈ ಕಂಬಕ್ಕೆ ಹೋಯಿತು. ಅತ್ತ ದರಿ ಇತ್ತ ಪುಲಿ ಎನ್ನುವುದು ಅವರ ಪಾಡೂ ಆಗಿತ್ತು.

ಬ್ರಹ್ಮಾವರದಿಂದ ಬೈಂದೂರಿನವರೆಗೆ ಮನೆ ಹುಡುಕಿದೆ. ವಂಡ್ಸೆಯ ದಾರಿಯಲ್ಲೂ ಕೇಳಿದೆ. ಎಲ್ಲ ಕಡೆ ಅದೇ ಬೆಲ್ಲ, ಅದೇ ನೀರು, ಅದೇ ಪ್ರಶ್ನೆ. ವರ್ಗಕ್ಕೆ ಹಾಕಿದ ಅರ್ಜಿಗೆ ಉತ್ತರವೇ ಬರಲಿಲ್ಲ. ಪರೀಕ್ಷೆ ಮುಗಿದ ಸಂಜೆ ಸವಿತಾ ಬ್ಯಾಗು ತೆಗೆದಳು.

ಹೊರಡುವ ದಿನ ಗಿರಿಜಕ್ಕ ಅವಳ ಜಡೆಗೆ ಒಂದು ಮೊಳ ಅಬ್ಬಲಿಗೆ ಮುಡಿಸಿದರು. ಕಣ್ಣೀರು ಸುರಿಯುತ್ತಿತ್ತು. “ಎಂತಕೆ ಹೋತೆ ಮಗಾ? ಇಲ್ಲ್ ನಿಂಗ್ ಎಂತ ಕಮ್ಮಿ ಆಯ್ತ್?” ಸವಿತಾ ಬಗ್ಗಿ ಅವರ ಕಾಲು ಮುಟ್ಟಿದಳು. ಹುಬ್ಬಳ್ಳಿ ಬಸ್ಸು ಹೊರಟ ಮೇಲೆ ನಾನು ಡ್ಯೂಟಿಗೆ ಹೋದೆ. ಮನೆಗೆ ಹೋಗುವ ಧೈರ್ಯವಿರಲಿಲ್ಲ.

ಮುಂದಿನ ಒಂದು ವರ್ಷ ಆ ಫ್ಯಾನಿನ ಕೆಳಗೆ ಒಬ್ಬಳೇ ಮಿಂದೆ. ಗದಗಿಗೆ ಹೋದಾಗ ಅಕ್ಕನ ಮನೆಯವರು “ನಿಮ್ಮ ಕಡೆ ಮಳಿ ಹೆಂಗದ?” ಎಂದು ಕೇಳುತ್ತಿದ್ದರು. ಇಲ್ಲಿಗೆ ಬಂದರೆ “ನಿಮ್ಮ್ ಬದಿಯಂಗೆ ಬಿಸ್ಲ್ ಹ್ಯಾಂಗಿತ್ತ್?” ಎನ್ನುತ್ತಿದ್ದರು. ಮಳೆ ಅವರ ಲೆಕ್ಕದಲ್ಲಿ ನನ್ನದು, ಬಿಸಿಲು ಇವರ ಲೆಕ್ಕದಲ್ಲಿ ನನ್ನದು. ಸವಿತಾ ಎಸ್ಸೆಸ್ಸೆಲ್ಸಿ ಚೆನ್ನಾಗಿ ಮುಗಿಸಿದಳು. ಅವಳ ಮಾತಿನಲ್ಲಿ ಈಗ ‘ಎಂತ’ ಇರಲಿಲ್ಲ.

ಆ ಬೇಸಿಗೆಯಲ್ಲಿ ಸಾಲಿಗ್ರಾಮದಲ್ಲಿ ಒಂದು ಮನೆ ಸಿಕ್ಕಿತು, ಆಸ್ಪತ್ರೆಯ ನರ್ಸೊಬ್ಬರು ಖಾಲಿ ಮಾಡಿದ್ದು. ಬಚ್ಚಲಿಗೆ ಗದ್ದೆಯ ಕಡೆ ಕಿಟಕಿ, ಅದಕ್ಕೆ ಮರದ ಬಾಗಿಲು. ಸಾಮಾನು ಬಿಚ್ಚುವ ಮೊದಲೇ ಗದಗಿಗೆ ಫೋನ್ ಮಾಡಿದೆ.

“ಸವಿ, ಇಲ್ಲಿ ಬಚ್ಚಲಕ್ಕ ಕಿಟಕಿ ಅದ. ಯಾವ ಸಪ್ಪಳಾನೂ ಇಲ್ಲ. ಇಲ್ಲೇ ಕಾಲೇಜಿಗೆ ಹಚ್ಚತೀನಿ, ಬಾ.”

ಆ ಕಡೆ ಅಕ್ಕನ ಮಕ್ಕಳು ಯಾವುದಕ್ಕೋ ನಗುತ್ತಿದ್ದರು, ಯಾರೋ ಅವಳನ್ನು ಊಟಕ್ಕೆ ಕರೆದರು. ಬಂದೆ ಎಂದು ಅವರಿಗೆ ಕೂಗಿ ಹೇಳಿ, ಆಮೇಲೆ ನನಗೆ ಹೇಳಿದಳು, ತುಂಬ ಮೆತ್ತಗೆ, ನೋವಾಗದಂತೆ:

“ಸೂಟಿ ಬಿಟ್ಟಾಗ ಬರ್ತೀನವ್ವಾ, ನಿಮ್ಮೂರಿಗೆ.”

ನಿಮ್ಮೂರು ಎಂದಳು. ತಿದ್ದಬೇಕೆಂದು ಬಾಯಿ ತೆರೆದೆ. ಯಾವ ಊರನ್ನು ನಮ್ಮದೆಂದು ಹೇಳಿ ತಿದ್ದಲಿ? ಉಂಡು ಮಲಗು ಎಂದಷ್ಟೇ ಹೇಳಿ ಫೋನ್ ಇಟ್ಟೆ.