ಮಗಳ ಆಲೆಫ್-ಬೇತ್

ನನ್ನ ಮಗಳು ಕೈಯಾರೆ ಬರೆದ ಮೊಟ್ಟಮೊದಲ ಅಕ್ಷರವನ್ನು ಓದಲು ನನಗೆ ಬರಲಿಲ್ಲ. ಪರ್ತ್‌ನ ಮೋರ್ಲಿ ಬಡಾವಣೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮುಂದೆ, ಕಾರು ನಿಲ್ಲಿಸುವ ಸಿಮೆಂಟಿನ ಮೇಲೆ, ನಾಲ್ಕು ವರ್ಷದ ಇಂಚರ ಸೀಮೆಸುಣ್ಣದಿಂದ ಓರೆಯಾಗಿ ಒಂದು ಗೆರೆ ಎಳೆದು, ಆಚೆಗೊಂದು ಈಚೆಗೊಂದು ಕೊಂಬು ಅಂಟಿಸಿದ್ದಳು.

"ಏನೇ ಇದು, ಗಾಳಿಪಟನಾ?" ಎಂದೆ.

"ನೋ ಅಮ್ಮ! ಇಟ್ಸ್ ಆಲೆಫ್!"

ಆಲೆಫ್ ಹೀಬ್ರೂ ಭಾಷೆಯ ಮೊದಲ ಅಕ್ಷರ. ಮಗಳ ಅಕ್ಷರಾಭ್ಯಾಸವನ್ನು ಮೈಸೂರಿನಲ್ಲೇ ಮಾಡಬೇಕು, ಅತ್ತೆ ಅವಳ ಬೆರಳು ಹಿಡಿದು ತಟ್ಟೆಯ ಅಕ್ಕಿಯಲ್ಲಿ ಬರೆಸಬೇಕು ಎಂದು ಅಡಿಲೇಡ್‌ನಲ್ಲಿದ್ದಾಗಿನಿಂದ ಆಸೆಪಟ್ಟು ಕಾದವಳು ನಾನು. ಗಂಡ ಪ್ರವೀಣ ಡಾಕ್ಟರು. ಅವನಿಗೆ ರಜೆ ಸಿಗುವಷ್ಟರಲ್ಲಿ ಜೂಂಡಲಪ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ನಾವು ಊರಿನ ಬದಲು ಪರ್ತ್‌ಗೆ ಬಂದಿದ್ದೆವು.

ಅವಳನ್ನು ಯಹೂದಿ ಮಕ್ಕಳ ಶಿಶುವಿಹಾರಕ್ಕೆ ಸೇರಿಸಿದ್ದೂ ಆಸೆಯಿಂದಲ್ಲ. ಹತ್ತಿರದಲ್ಲಿ ಜಾಗ ಖಾಲಿಯಿದ್ದದ್ದು ಅದೊಂದರಲ್ಲೇ. ನಾನೋ ಶಾಪಿಂಗ್ ಸೆಂಟರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಹಿಡಿದಾಗಿತ್ತು. ಮೈಸೂರಿನಲ್ಲಾದರೆ ಆಯಾ ಗೇಟಿನ ಬಳಿ ನಿಂತು, ಮೂಗು ಒರೆಸಿ, ಮಗುವನ್ನು ಒಳಗೆ ಎಳೆದುಕೊಳ್ಳುತ್ತಾಳೆ. ಇಲ್ಲಿ ಗೇಟಿನಲ್ಲಿ ಕಾವಲುಗಾರ, ಎರಡೆರಡು ಬಾಗಿಲು. ಮೊದಲ ದಿನ ಡಬ್ಬಿಯಲ್ಲಿ ಹಾಕಿಕೊಟ್ಟ ಚಿತ್ರಾನ್ನ ಹಾಗೇ ವಾಪಸ್ ಬಂತು, ಹೊರಗಿನ ಅಡುಗೆಮನೆಯದ್ದು ಅವರಿಗೆ ಆಗುವುದಿಲ್ಲವಂತೆ. ನಮ್ಮಜ್ಜಿಯ ಮಡಿಯನ್ನು ಆಡಿಕೊಂಡು ನಕ್ಕವಳಿಗೆ ಸಮುದ್ರ ದಾಟಿ ಬಂದ ಮೇಲೆ ಮತ್ತೆ ಮಡಿ!

ಅಲ್ಲಿ ಟೀಚರನ್ನು 'ಮೋರಾ' ಎನ್ನುತ್ತಾರೆ. ಮೋರಾ ಯಾಯೆಲ್ ಅರವತ್ತರ ಹೆಂಗಸು, ಜೋರು ದನಿ. ಅವರಲ್ಲಿ ವರ್ಣಮಾಲೆಗೆ ಬೇರೆ ಹೆಸರೇ ಇಲ್ಲ; ಮೊದಲ ಎರಡು ಅಕ್ಷರ ಸೇರಿಸಿ 'ಆಲೆಫ್-ಬೇತ್' ಎಂದುಬಿಡುತ್ತಾರೆ. ನಾವು "ಅಆಇಈ ಬರುತ್ತಾ?" ಎಂದು ಮಕ್ಕಳನ್ನು ಕೇಳುವ ಹಾಗೇ. ನಮ್ಮದು ಸ್ವರದಿಂದ ಶುರು; ಅವರ ಇಪ್ಪತ್ತೆರಡು ಅಕ್ಷರಗಳಲ್ಲಿ ಸ್ವರಕ್ಕೆಂದೇ ಅಕ್ಷರವಿಲ್ಲ, ಕಲಿಯುವ ಮಕ್ಕಳಿಗಾಗಿ ಚುಕ್ಕಿ ಗೆರೆ ಇಡುತ್ತಾರೆ. ಬರೆಯುವುದು ಬಲದಿಂದ ಎಡಕ್ಕೆ. ಇದನ್ನೆಲ್ಲ ನಾನು ಕುತೂಹಲಕ್ಕೆ ಕಲಿತದ್ದಲ್ಲ. ಇಂಚರ ಕಾರಿನಲ್ಲಿ, ಸ್ನಾನದಲ್ಲಿ, ಊಟದ ಮಧ್ಯೆ ಆ ಅಕ್ಷರಗಳನ್ನೇ ಹಾಡಿ ಹಾಡಿ, ಸಿಮೆಂಟಿನ ಮೇಲೆ ಬರೆದು ಬರೆದು ತಲೆ ಚಿಟ್ಟುಹಿಡಿಸಿದ್ದರಿಂದ, ಬೇಡವೆಂದರೂ ನನಗೂ ಬಾಯಿಪಾಠವಾಗಿತ್ತು.

ಒಂದು ಭಾನುವಾರ ವಿಡಿಯೊ ಕಾಲ್‌ನಲ್ಲಿ ಅತ್ತೆ, "ಎಲ್ಲಿ ಪುಟ್ಟಿ, ಅಆಇಈ ಹೇಳು ನೋಡೋಣ" ಎಂದರು. ಇವಳು ಸೊಂಟಕ್ಕೆ ಕೈಕೊಟ್ಟು ನಿಂತು "ಆಲೆಫ್, ಬೇತ್, ಗಿಮೆಲ್, ದಾಲೆತ್" ಎಂದು ಶುರುಮಾಡಿದಳು.

"ಅಯ್ಯೋ ರಾಮ, ಇದ್ಯಾವ ಮಂತ್ರಾನಮ್ಮಾ?" ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು.

ಮರುದಿನವೇ ಶಿಶುವಿಹಾರಕ್ಕೆ ಹೋಗಿ, ಆ ಅಕ್ಷರದ ಹಾಡಿನ ಹೊತ್ತಿನಲ್ಲಿ ಇಂಚರಳನ್ನು ಬೇರೆ ಆಟಕ್ಕೆ ಬಿಡಿ ಎಂದೆ. ಮೋರಾ ಯಾಯೆಲ್ ಕನ್ನಡಕ ಮೇಲೇರಿಸಿ ನನ್ನನ್ನೇ ನೋಡಿದರು. "ಎಲ್ಲರೂ ಹಾಡುವಾಗ ಅವಳೊಬ್ಬಳನ್ನೇ ಹೊರಗೆ ಕೂರಿಸಲೇ?" ಎಂದು ಕೇಳಿದರು. ನಾನು ವಾಪಸ್ ಹೊರಟೆ. ಹೊಸ ಊರುಗಳಲ್ಲಿ ಹೊರಗೆ ಕೂತು ಕೂತು ಸಾಕಾದವಳು ನಾನೇ ಅಲ್ಲವೇ?

ಹಠಕ್ಕೆ ಬಿದ್ದು ಸ್ಲೇಟು ತಂದೆ. 'ಅ' ಬರೆದು ತೋರಿಸಿದರೆ ಇವಳು ಆಕಳಿಸಿದಳು. ಅಷ್ಟರಲ್ಲಿ ಪ್ರವೀಣನಿಗೆ ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿತು. "ಮತ್ತೆ ಗಂಟುಮೂಟೆನಾ!" ಎಂದು ನಾನು ರೇಗಿದರೆ, "ಬಿಡೇ, ಅಲ್ಲಿ ಹೋದ್ಮೇಲೆ ಆ ಆಲೆಫ್ ಗೀಲೆಫ್ ಎಲ್ಲಾ ಮರ್ತೋಗ್ತಾಳೆ. ನೀನೇ ಕನ್ನಡ ಶುರು ಮಾಡ್ಕೋಬಹುದು" ಎಂದು ಪುಸಲಾಯಿಸಿದ. ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯಾಯಿತು.

ಬ್ರಿಸ್ಬೇನ್‌ನಲ್ಲಿ ಫೋರ್ಟಿಟ್ಯೂಡ್ ವ್ಯಾಲಿಯ ಅಪಾರ್ಟ್‌ಮೆಂಟು. ಕೆಳಗೆ ರಸ್ತೆಯ ಗಲಾಟೆ, ಎದುರಿಗೆ ಆಫೀಸುಗಳ ಗಾಜು. ಹೊಸ ಶಿಶುವಿಹಾರದಲ್ಲಿ ಯಾವ ಡಬ್ಬಿಗೂ ಅಡ್ಡಿಯಿಲ್ಲ, ಆದರೆ ಇಂಚರ ಡಬ್ಬಿ ತೆರೆಯುತ್ತಲೇ ಇರಲಿಲ್ಲ. ಮಾತು ನಿಂತಿತು, ಹಾಡೂ ನಿಂತಿತು. ನನಗೆ ಬೇಕಾದದ್ದು ಅದೇ ಆಗಿತ್ತಲ್ಲ! ಆದರೂ ಆ ಮೌನ ನನ್ನಿಂದ ತಡೆಯಲಾಗಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಸ್ಲೇಟು ಹಿಡಿದು ಪಕ್ಕದಲ್ಲಿ ಕೂತೆ. ಅವಳು ತಳ್ಳಿದಳು.

"ಐ ವಾಂಟ್ ಟು ಗೋ ಹೋಮ್."

"ಮೈಸೂರಿಗಾ ಕಂದ? ಅಜ್ಜಿ ಮನೆಗಾ?"

"ನೋ! ಅದು ನಿನ್ನ ಹೋಮ್. ಮೈ ಹೋಮ್. ಮೋರಾ ಹತ್ರ." ಬಿಕ್ಕಿಬಿಕ್ಕಿ ಅತ್ತಳು.

ನಾಲ್ಕು ವರ್ಷದ ಮಗುವಿಗೂ ತನ್ನದೊಂದು ಊರು ಇರುತ್ತದೆ, ಅದು ನನ್ನ ಊರೇ ಆಗಬೇಕಿಲ್ಲ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಅವಳನ್ನು ತೊಡೆಗೆಳೆದುಕೊಂಡೆ. ಬೇರೇನೂ ತೋಚದೆ ಮೆಲ್ಲಗೆ "ಆಲೆಫ್, ಬೇತ್" ಎಂದು ಶುರುಮಾಡಿದೆ. ಬಿಕ್ಕುತ್ತಲೇ "ಗಿಮೆಲ್" ಎಂದಳು. ಮಧ್ಯದಲ್ಲಿ ನಾನೊಂದು ಅಕ್ಷರ ಹಾರಿಸಿದ್ದಕ್ಕೆ "ಅಮ್ಮ, ಯೂ ಆರ್ ಸೋ ಸಿಲ್ಲಿ" ಎಂದು ನಕ್ಕಳು. ಬ್ರಿಸ್ಬೇನ್‌ಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಸ್ಲೇಟಿನ ಬಲತುದಿಯಿಂದ ಒಂದೊಂದಾಗಿ ನಾನು ಬರೆದೆ, ಅವಳು ತಿದ್ದಿದಳು.

ಸಂಜೆ ಪ್ರವೀಣ ಬಂದವನೇ ಸ್ಲೇಟು ನೋಡಿ, "ಇದೇನೇ, ನೀನೇ ಹೇಳ್ಕೊಡ್ತಾ ಇದೀಯಾ? ಕನ್ನಡ ಯಾವಾಗ?" ಎಂದ.

"ಕಲಿತಾಳೆ ಬಿಡು. ಮೊದ್ಲು ಅವಳ ಊರಿಗೆ ಹೋಗ್ಬರ್ಲಿ" ಎಂದೆ. ಹೇಳುತ್ತಲೇ ಕಣ್ಣೊರೆಸಿಕೊಂಡೆ. ಮೈಸೂರು ಬಿಟ್ಟ ಮೇಲೆ ನಾನು ಸುರಿಸಿದ ಕಣ್ಣೀರೆಲ್ಲ ಮೈಸೂರಿನದೇ. ಅಂದು ಬಂದದ್ದು ಮಾತ್ರ ಮೋರ್ಲಿಯದು.