ಚಹಾ ಕುಡಿದು ಕಳೆದುಕೊಂಡ ವಿಮೆ

ನೋಡ್ರಪ್ಪಾ, ಇಂದು ಒಬ್ಬನನ್ನು ಕ್ಷಮಿಸಿ ನಾನೇ ಸಿಕ್ಕಿಬಿದ್ದೆ.

ಬೆಳಗಾವಿಯಲ್ಲಿ ಕ್ರೆಡಿಟ್ ಕಾರ್ಡಿನಿಂದ ಕಾರು ಬಾಡಿಗೆಗೆ ಪಡೆದು, ಕಿತ್ತೂರಿನ ತಂಗಿಯ ಮನೆಗೆ ಹೊರಟಿದ್ದೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ತಾಗಿ ಕಾರಿನ ಬಾಗಿಲು ನೆಗ್ಗಿತು. ಅದರ ಚಾಲಕ ಇಳಿದು ಬಂದು ಕೈಮುಗಿದ.

"ತಪ್ಪಾತ್ರಿ ಕಾಕಾ."

"ಇರ್ಲಿ ಬಿಡಪಾ, ನನ್ನ ಕಾರ್ಡಿನ್ಯಾಗ ವಿಮಾ ಐತಿ," ಎಂದೆ. ಬ್ಯಾಂಕಿನವರು ಕಾರ್ಡು ಕೊಡುವಾಗ, ಬಾಡಿಗೆ ಕಾರಿಗೆ ಏನಾದರೂ ಆದರೆ ನಾವು ನೋಡಿಕೊಳ್ಳುತ್ತೇವೆ ಎಂದು ಹೇಳಿದ್ದರಲ್ಲ! ಪಾಪ, ಅವನು ಬಿಡದೆ ಚಹಾ ಕುಡಿಸಿಯೇ ಕಳಿಸಿದ.

ಮಧ್ಯಾಹ್ನ ಕಾರ್ಡಿನವರಿಗೆ ಫೋನ್ ಮಾಡಿದರೆ ಒಬ್ಬ ಹುಡುಗಿ ಕೇಳಿದಳು, "ಟ್ರ್ಯಾಕ್ಟರ್ ನಂಬರ್ ಹೇಳಿ ಸರ್."

"ಬರಕೊಂಡಿಲ್ಲವ್ವಾ."

"ಪೊಲೀಸ್ ದೂರು?"

"ಚಹಾ ಕುಡಿಸಿದಾವನ ಮ್ಯಾಲೆ ದೂರು ಹೆಂಗ ಕೊಡೂದು, ತಂಗಿ?"

"ಹಾಗಾದರೆ ವಿಮೆ ಸಿಗುವುದಿಲ್ಲ ಸರ್. ನೀವೇ ಅವರನ್ನು ಬಿಟ್ಟು ಕಳಿಸಿದ್ದೀರಿ, ಇನ್ನು ನಾವು ಆ ಹಣ ಯಾರಿಂದ ವಸೂಲಿ ಮಾಡುವುದು?"

ಯಾರನ್ನೂ ಕ್ಷಮಿಸಬಾರದು ಎಂಬ ಷರತ್ತನ್ನು ಅದೆಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದರೋ! ನನ್ನ ಕನ್ನಡಕಕ್ಕಂತೂ ಕಂಡಿರಲಿಲ್ಲ. ಬಾಗಿಲಿನ ಖರ್ಚು ಈಗ ನನ್ನ ತಲೆಗೇ ಬಂತು.

ಒಟ್ಟಿನಲ್ಲಿ ಈ ಅಪಘಾತಕ್ಕೆ ನನಗೆ ಸಿಕ್ಕ ಪರಿಹಾರವೆಂದರೆ ಟ್ರ್ಯಾಕ್ಟರಿನವನು ಕುಡಿಸಿದ ಆ ಒಂದು ಕಪ್ ಚಹಾ. ಅದಕ್ಕೆ ಅವನು ಯಾವ ಅರ್ಜಿಯನ್ನೂ ಕೇಳಲಿಲ್ಲ.