ಕವಡೆ ಇಟ್ಟ ಜಾಗ

ಊರ ಹಿರಿಯರ ಮುಂದೆ ಹಾಯುವಾಗ ಹೆಂಗಸರು ಸೊಂಟ ಬಗ್ಗಿಸಿ ಹಾಯಬೇಕು. ಸಭೆಗೆ ಅಣ್ಣ ಪೆಥೆಲಿ ಬರುವುದನ್ನು ಕಂಡು ಗಡಿಬಿಡಿಯಲ್ಲಿ ಎದ್ದ ಉಲಮಿಲಾ ಸ್ವಲ್ಪ ಹೆಚ್ಚೇ ಬಗ್ಗಿದಳು. ಕಾಲುದ್ದದ ಲಂಗ ಪೊರಕೆಯಾಗಿ, ಬೆಳಗಿನಿಂದ ಊರವರೆಲ್ಲ ಸೇರಿ ಮರಳಿನಲ್ಲಿ ಬಿಡಿಸಿದ್ದ ಊರಿನ ನಕ್ಷೆಯನ್ನು ಅರ್ಧ ಗುಡಿಸಿಹಾಕಿತು. ಚರ್ಚು ಹೋಯಿತು, ಶಾಲೆ ಹೋಯಿತು. ಒಬ್ಬೊಬ್ಬರು ತಮ್ಮ ಕಷ್ಟ ಇದ್ದಲ್ಲಿ ಇಟ್ಟಿದ್ದ ಕವಡೆಗಳೆಲ್ಲ ಚೆಲ್ಲಾಪಿಲ್ಲಿ.

"ಚಂಡಮಾರುತಕ್ಕೂ ನಿನ್ನಷ್ಟು ಚುರುಕಿಲ್ಲ ಕಣೇ," ಎಂದಳು ಪಕ್ಕದ ಮನೆಯ ತೊರಿಕಾ. ಸಭೆ ನಕ್ಕಿತು. ಉಲಮಿಲಾಳೂ ನಕ್ಕಳು; ಕಣ್ಣು ಮಾತ್ರ ತನ್ನ ಕವಡೆಗಳನ್ನು ಹುಡುಕುತ್ತಿತ್ತು.

ಅವನ್ನು ಆಕೆ ಇಟ್ಟಿದ್ದು ನಕ್ಷೆಯಲ್ಲಿ ದಂಡೆಯ ತುದಿಗೆ, ಮಗಳು ವೀಕಾಳ ಗೋರಿ ಇದ್ದಲ್ಲಿ. ಗಂಡ ಸತ್ತ ಮೇಲೆ ಮಗಳೊಂದಿಗೆ ತವರಿಗೆ ಬಂದವಳು. ಮರುವರ್ಷ ಡೆಂಗ್ಯೂ ಮಗಳನ್ನೂ ಒಯ್ದಿತು. ಚಾಪೆ ಹೆಣೆದು ಹೊಟ್ಟೆ ಹೊರೆಯುತ್ತಿದ್ದಳು. ಈಗ ಉಬ್ಬರದ ನೀರು ಗೋರಿಯ ಬುಡ ನೆಕ್ಕುತ್ತಿತ್ತು. ಮೂಳೆಗಳನ್ನಾದರೂ ಗುಡ್ಡಕ್ಕೆ ಸಾಗಿಸಬೇಕು. ಗುಡ್ಡದ ಜಾಗ ಅಣ್ಣನದು. ಫಿಜಿಯ ಆ ಕರಾವಳಿಯಲ್ಲಿ ಅಣ್ಣ ತಂಗಿ ಒಬ್ಬರನ್ನೊಬ್ಬರು ಮಾತಾಡಿಸುವಂತಿಲ್ಲ, ಅದೇ ಮರ್ಯಾದೆ. ಮಾತು ಮುಟ್ಟಿಸುತ್ತಿದ್ದ ಅತ್ತಿಗೆ ತೀರಿಕೊಂಡಿದ್ದಳು. ಹೊರಗಿನವರ ಬಾಯಲ್ಲಿ ಕೇಳಿಸಿದರೆ ಅಣ್ಣನ ತಲೆ ತಗ್ಗುತ್ತದೆ.

ಈ ಚಿಂತೆಯಲ್ಲಿದ್ದಾಗಲೇ ಬ್ರಿಸ್ಬೇನಿನಿಂದ ಸಂಶೋಧಕಿ ಫಿಲಿಪಾ ಬಂದಿದ್ದಳು. ಸಹಭಾಗಿ ಸಂಶೋಧನೆಯಂತೆ, ಹಾಜರಿಗೆ ಸಹಿ ಹಾಕಿದವರೆಲ್ಲ ಸಹಭಾಗಿಗಳು. ಊರವರೇ ನಕ್ಷೆ ಬರೆದು, ಊರವರೇ ಕಷ್ಟ ತೂಗಿ, ಪರಿಹಾರವನ್ನೂ ತಾವೇ ಹುಡುಕುವುದು. ಬಾಯಿ ಬಿಡಬೇಕಿಲ್ಲ, ಕವಡೆ ಇಟ್ಟರೆ ಸಾಕು, ಯಾರಿಟ್ಟದ್ದೆಂದು ಯಾರೂ ಕೇಳುವುದಿಲ್ಲ ಎಂದಾಗ ಉಲಮಿಲಾಳ ಜೀವ ಹಗುರಾಗಿತ್ತು. ಅಣ್ಣ ಬಂದು ನೋಡುತ್ತಾನೆ, ತಾನೇ ತಿಳಿದುಕೊಳ್ಳುತ್ತಾನೆ.

ಫಿಲಿಪಾ ಒಳ್ಳೆಯವಳು, ರೇಗಲಿಲ್ಲ. ಮೊಣಕಾಲೂರಿ ನಕ್ಷೆಯನ್ನು ಮತ್ತೆ ಬರೆಸಿದಳು. "ನಿಮ್ದು ಎಲ್ಲಿತ್ತಮ್ಮ? ಹೇಳಿ, ನಾನೇ ಇಡ್ತೀನಿ," ಎಂದಳು. ಅಣ್ಣ ಎದುರಿಗೇ ಕೂತಿದ್ದ. ಈಗ ಬೆರಳು ತೋರಿಸಿದರೂ ಮುಖಕ್ಕೆ ಮುಖ ಕೊಟ್ಟು ಕೇಳಿದ ಹಾಗೆ. ಮೀನಿಗೊಂದು ಐಸ್ ಕೋಣೆ ಆದರೆ ಚೆನ್ನ ಎಂದು ಬಂದಾಗಿನಿಂದ ಫಿಲಿಪಾ ಹೇಳುತ್ತಿದ್ದಳು. ಅತಿಥಿಯ ಮನಸ್ಸು ಮುರಿಯಬಾರದು. ಉಲಮಿಲಾ ನಕ್ಷೆಯಲ್ಲಿ ಐಸ್ ಕೋಣೆಗೆಂದು ಗುರುತಿಸಿದ್ದ ಜಾಗದತ್ತಲೇ ಕೈ ತೋರಿಸಿದಳು. ಹೆಂಗಸರದೂ ಒಮ್ಮತವಿದೆ ಎಂದು ವರದಿ ಆಯಿತು.

ಐಸ್ ಕೋಣೆ ಬಂತು, ಕರೆಂಟು ಬರಲಿಲ್ಲ. ತಣ್ಣಗಾದದ್ದು ಯೋಜನೆ ಮಾತ್ರ. ಆ ಮಳೆಗಾಲದ ದೊಡ್ಡ ಉಬ್ಬರ ವೀಕಾಳ ಗೋರಿಯನ್ನು ಒಯ್ದಿತು. ಪೆಥೆಲಿ ಗುದ್ದಲಿ ಹಿಡಿದು ಓಡಿ ಬಂದ. ಅಗೆಯಲು ಏನೂ ಉಳಿದಿರಲಿಲ್ಲ. ತಂಗಿಗೆ ಬೆನ್ನು ಮಾಡಿ ನಿಂತು, ತೊರಿಕಾಳಿಗೆ ಹೇಳುವಂತೆ ಹೇಳಿದ: "ಗುಡ್ಡದಲ್ಲಿ ದೀವಿಹಲಸಿನ ಪಕ್ಕ ಜಾಗ ಇತ್ತು. ಯಾರಾದ್ರೂ ಒಂದ್ಮಾತು ಅಂದಿದ್ರೆ ನಾನೇ ಹೊತ್ಕೊಂಡು ಹೋಗ್ತಿದ್ದೆ."

ತೊರಿಕಾ ತಿರುಗಿ ಉಲಮಿಲಾಳನ್ನು ನೋಡಿದಳು. ಆ ಒಂದು ಮಾತನ್ನು ಉಲಮಿಲಾ ಅನ್ನುವಂತಿರಲಿಲ್ಲ.

ಮರುವರ್ಷ ಫಿಲಿಪಾ ಮತ್ತೆ ಬಂದಳು. ತೊರಿಕಾಳಿಂದ ಎಲ್ಲ ಕೇಳಿ ತಿಳಿದಿದ್ದಳು. ಈ ಸಲ ಸಭೆ ಕರೆಯದೆ ನೇರ ಉಲಮಿಲಾಳ ಮನೆಗೆ ಬಂದು, ಚಾಪೆಯ ಮೇಲೆ ಕೂತು ಬಹಳ ಹೊತ್ತು ಅತ್ತಳು. ಉಲಮಿಲಾ ಬೇಯಿಸಿದ ಮರಗೆಣಸು, ಮೀನು ಮುಂದಿಟ್ಟು ನೊಣ ಓಡಿಸುತ್ತಿದ್ದಳು.

"ಅಮ್ಮ, ಇಲ್ಲಿ ಬೇರೆ ಯಾರೂ ಇಲ್ಲ," ಎಂದಳು ಫಿಲಿಪಾ. "ನಿಜವಾಗ್ಲೂ ನಿಮಗೆ ಏನು ಬೇಕು? ನಿಮ್ಮ ಬಾಯಿಂದ್ಲೇ ಕೇಳ್ಬೇಕು ನಾನು."

ಉಲಮಿಲಾ ಅತಿಥಿಯ ಮುಖವನ್ನು ಕನಿಕರದಿಂದ ನೋಡಿದಳು.

"ನಿಂಗೆ ಏನು ಕೇಳಿದ್ರೆ ಸಮಾಧಾನ ಆಗುತ್ತೆ ಹೇಳು ಮಗಳೇ. ಅದನ್ನೇ ಹೇಳ್ತೀನಿ."